ಎಲ್ಲ ಫೋಟೋದಾಗೂ ಅದೇ ಮೂರು ಹದ್ದು

ಬೈಲಹೊಂಗಲದ ಪ್ಯಾಟಿಯಲ್ಲಿ ಒಂದು ಅಂಗಡಿ. ಒಂದು ಕಾಲಕ್ಕೆ ಫೋಟೋ ಸ್ಟುಡಿಯೊ, ಈಗ ಝೆರಾಕ್ಸು, ಲ್ಯಾಮಿನೇಶನ್ನು, ನಡುನಡುವೆ ಪಾಸ್‌ಪೋರ್ಟ್ ಫೋಟೋ. ಮಧ್ಯಾಹ್ನದ ಹೊತ್ತು, ಗಿರಾಕಿಯಿಲ್ಲ. ಗಲ್ಲಾದ ಹಿಂದೆ ಕಾಕಾ, ಸ್ಟೂಲಿನ ಮೇಲೆ ಅವರ ಅಣ್ಣನ ಮಗಳು, ರಾಮದುರ್ಗದ ಕಡೆ ಸಾಲಿ ಕಲಿಸುವಾಕಿ. ಇಬ್ಬರ ನಡುವೆ ಕೌಂಟರಿನ ಗಾಜಿನ ಮೇಲೆ ಒಂದು ನಿಕಾನ್ ಡಿ40. ಹೆಬ್ಬೆರಳು ಊರುವ ಜಾಗದಲ್ಲಿ ರಬ್ಬರು ಸವೆದು ಹೊಳಪು ಬಂದಿದೆ.

– ಹೊಳ್ಳಿ ಕೊಡಾಕ ಬಂದೀಯೋ, ಏನರ ಕೆಡಿಸ್ಕೊಂಡು ಬಂದೀಯೋ?

– ಎರಡೂ ಅಲ್ರಿ ಕಾಕಾ. ಒಂದೆರಡು ಕೇಳೂದೈತಿ, ಒಂದೆರಡು ತೋರಸೂದೈತಿ.

– ತೋರಸೂದು ಆಮ್ಯಾಲ. ಮೊದಲ ಹೇಳು, ನಿನ್ನ ಕೈಯಾಗ ಅಷ್ಟು ಛಲೋ ಮೊಬೈಲ್ ಐತಿ. ಐವತ್ತು ಮೆಗಾಪಿಕ್ಸೆಲ್ ಅಂತ ಡಬ್ಬಿ ಮ್ಯಾಲ ಬರದಿರತೈತಿ. ಇದರಾಗ ಇರೂದು ಆರು. ನಾ ಇದನ್ನ ತೊಗೊಂಡಿದ್ದು 2007ರಾಗ. ಕಿಸೆದಾಗ ಹಿಡಿಸೂದಿಲ್ಲ, ಫೋನ್ ಹಚ್ಚಾಕ ಬರೂದಿಲ್ಲ. ಇಂಥಾದ್ದನ್ನ ಕೊಳ್ಳಿಗೆ ಹಾಕ್ಕೊಂಡು ರಾಮದುರ್ಗದಿಂದ ಕಿತ್ತೂರತನಕ ಯಾಕ ತಿರಗತಿ?

– ಮೊಬೈಲ್ ನಾ ನೋಡಿದ್ದನ್ನ ತಿದ್ದತೈತ್ರಿ. ನಮ್ಮ ಸಾಲಿ ಹುಡಗ್ಯಾರು ಬಿಸಲಾಗ ಖೊಖೊ ಆಡಾಕತ್ತಿದ್ರು, ತಗದೆ. ಮಾರಿ ನುಣ್ಣಗ, ಬೆಳ್ಳಗ, ಗಿಡದ ನೆಳ್ಳಾಗೂ ಬೆಳಕು. ಒಬ್ಬಾಕಿ ಬಂದು ನೋಡಿದ್ಲು. 'ಟೀಚರ್, ಇದು ನಾ ಅಲ್ರಿ, ನಮ್ಮ ಅಕ್ಕ ಇದ್ದಂಗ ಐತಿ' ಅಂದ್ಲು.

– ಅದು ಒಂದು ಫೋಟೋ ಅಲ್ಲವ್ವಾ. ನೀ ಒಮ್ಮೆ ಒತ್ತಿದ್ರ ಅದು ನಾಕಾರು ತಗದು, ಒಂದರ ಮ್ಯಾಲ ಒಂದು ಕೂಡಿಸಿ, ಕತ್ತಲಿದ್ದಲ್ಲಿ ಬೆಳಕು ತುಂಬಿ, ಮಾರಿ ತೀಡಿ ಕೊಡತೈತಿ. ನಾವು ಫೋಟೋಶಾಪ್ ತಗದು ರಾತ್ರಿಯೆಲ್ಲಾ ಕುಂತು ಮಾಡತಿದ್ದ ಕೆಲಸ ಅದು ಕಣ್ಣ ಮಿಟಕಿಸೂದ್ರಾಗ ಮಾಡಿ ಮುಗಸತೈತಿ. ಅದಕ್ಕ ಬೈಬ್ಯಾಡ. ನನ್ನ ಸ್ಟುಡಿಯೊ ಝೆರಾಕ್ಸ್ ಅಂಗಡಿ ಆಗಿದ್ದು ಅದರಿಂದನ, ಆದ್ರೂ ನಾ ಬೈಯೂದಿಲ್ಲ. ಒಂದ ಬಲ್ಬಿನ ಬೆಳಕಿನ್ಯಾಗ ಅದು ತಗದಂಗ ತಗಿಯಾಕ ಈ ಡಿ40 ಏಳು ಜನ್ಮ ಎತ್ತಿ ಬರಬೇಕು.

– ಬೈಯಾಕತ್ತಿಲ್ರಿ. ಆ ಹುಡಗಿ ಮಾರಿ ಹೆಂಗಿತ್ತೋ ಹಂಗ ಬೇಕಾಗಿತ್ತು, ಅಷ್ಟ. ಆದ್ರ ಇದೂ ಮೊದಲ ದಿನ ನನ್ನ ಮರ್ಯಾದಿ ತಗೀತು. ನಿಮ್ಮ ಐವತ್ತರ ಲೆನ್ಸ್ ಹಾಕಿ ಒತ್ತಿದೆ, ಫೋಟೋನೂ ಇಲ್ಲ, ಸಪ್ಪಳನೂ ಇಲ್ಲ. 'ಎಫ್ ಇ ಇ' ಅಂತ ಮಿಣಮಿಣ. ಫೀ ಕೇಳಾಕತ್ತೈತೇನೋ ಅಂದ್ಕೊಂಡೆ.

– ನನಗೂ ಕೇಳಿತ್ತದು! ಲಗ್ನದಾಗ, ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ. ಭಟ್ಟರು ಮಂತ್ರ ಮುಗಿಸಿ ನನ್ನ ಮಾರಿ ನೋಡಾಕತ್ತಾರ, ನಾ ಕ್ಯಾಮೆರಾ ಮಾರಿ ನೋಡಾಕತ್ತೀನಿ. ಆ ಲೆನ್ಸ್ ಹಳೇ ಕಾಲದ್ದು. ಅದರ ಕೊಳ್ಳಾಗ ಒಂದು ಬಳಿ ಐತಿ, 1.8ರಿಂದ 22ರತನಕ ಅಂಕಿ. ರೋಲಿನ ಕಾಲದಾಗ ಕಿಂಡಿ ಎಷ್ಟು ತಗೀಬೇಕು ಅನ್ನೂದು ಆ ಬಳಿ ತಿರುವಿ ನಾವ ಹೇಳತಿದ್ವಿ. ಈ ಕ್ಯಾಮೆರಾಕ್ಕ ಆ ಕೆಲಸ ತಾನ ಮಾಡಬೇಕು. ಬಳಿ 22ಕ್ಕ ಒಯ್ದು ಕೀಲಿ ಹಾಕಿ ಇಟ್ರ ಸುಮ್ಮನ ಇರತೈತಿ, ಸರಿದಿತ್ತಂದ್ರ ಫೀ ಕೇಳತೈತಿ.

– ಅದನ್ನ ಕಂಡ ಹಿಡದೆ. ಆದ್ರ ಫೋಕಸ್ ಮಾತ್ರ ಆಗವಲ್ತು.

– ಆಗೂದೂ ಇಲ್ಲ. ಲೆನ್ಸ್ ತಿರುವು ಮೋಟಾರ್ ಡಿ40ಯ ಹೊಟ್ಟ್ಯಾಗ ಇಲ್ಲ. ಲೆನ್ಸಿನ್ಯಾಗ ಇದ್ರ ಆತು, ಇಲ್ಲಂದ್ರ ನಿನ್ನ ಕೈಯಾಗಿನ ಮೋಟಾರ್. ಡಿ80ಯೊಳಗ ಇತ್ತು, ಡಿ70ಯೊಳಗ ಇತ್ತು. ಇದು ಹಗೂರ ಆಗಲಿ, ಸ್ವಸ್ತ ಆಗಲಿ ಅಂತ ತಗದು ಬಿಟ್ರು. ನಾನೂ ಸ್ವಸ್ತ ಅಂತನ ತೊಗೊಂಡೆ. ಒಳಗ ನೋಡೂ ಮುಂದ ಕೆಳಗ ಎಡಕ್ಕ ಒಂದು ಹಸರ ಚುಕ್ಕಿ ಐತಲಾ?

– ಅದರ ಮ್ಯಾಲೇ ಬದಕಾಕತ್ತೀನ್ರಿ ಈಗ. ಉಂಗುರ ತಿರುವ್ತೀನಿ, ಹಸರ ಚುಕ್ಕಿ ನಿಂತ್ರ ಒತ್ತತೀನಿ. ಮೊದಲು ನನ್ನ ಕಣ್ಣಿಗೆ ಅನಸತೈತಿ, ಆಮ್ಯಾಲ ಚುಕ್ಕಿ ಬಂದು ಹೌದು ಅಂತೈತಿ. ಹತ್ತರಾಗ ಎಂಟು ಸಲ ಕಣ್ಣ ಖರೇ.

– ಉಳದ ಎರಡು ಸಲ ಯಾರ ಮಾರಿ ಮಬ್ಬಾತು?

– ನಮ್ಮ ಹೆಡ್‌ಮಾಸ್ತರದು.

– ಛಲೋ ಆತು ಬಿಡು.

– ಕಾಕಾ, ಬೆಂಗಳೂರಾಗ ನನ್ನ ಗೆಳತಿ ಒಬ್ಬಾಕಿ ಇಂಥಾ ಹಳೇ ಕ್ಯಾಮೆರಾ ಹುಡುಕ್ಯಾಡಾಕತ್ತಾಳ. ಸಿಸಿಡಿ ಬಣ್ಣನ ಬ್ಯಾರೆ ಅಂತಾಳ.

– ಸಿಸಿಡಿ ಅಂದ್ರ ಕಾಫಿ ಅಂಗಡಿ ಅಲ್ಲೇನು?

– ಸೆನ್ಸರ್ ರೀ.

– ಗೊತ್ತೈತಿ, ಚಾಷ್ಟಿ ಮಾಡಿದೆ. ಡಿ70, ಡಿ40, ಡಿ80 ಎಲ್ಲಾ ಸಿಸಿಡಿ. 2008ರಾಗ ಡಿ90 ಬಂತು, ಅದು ಸಿಮಾಸ್. ವಿಡಿಯೊ ಹಿಡಿಯೂ ಮೊದಲ್ನೇ ಡಿಎಸ್‌ಎಲ್‌ಆರ್ ಅದ. ಕ್ಯಾನನ್‌ನವ್ರು 2003ರ 300ಡಿಯೊಳಗನ ಸಿಮಾಸ್ ಹಾಕಿದ್ರು. ಈಗ ಹಳೇದಕ್ಕ ಕಿಮ್ಮತ್ತು ಬಂದೈತಿ ಅಂದ್ರ ಸಂತೋಷ, ನನ್ನ ಕಪಾಟಿನ್ಯಾಗೂ ಇನ್ನೊಂದು ಐತಿ. ಖರೇ ಹೇಳಬೇಕಂದ್ರ ಸೆನ್ಸರಿಗೆ ಬಣ್ಣನ ಗೊತ್ತಿಲ್ಲ. ಅದಕ್ಕ ತಿಳಿಯೂದು ಬೆಳಕು ಎಷ್ಟು ಬಿತ್ತು ಅನ್ನೂದಷ್ಟ. ಅದರ ಮ್ಯಾಲ ಕೆಂಪು, ಹಸರು, ನೀಲಿ ಸೋಸಣಿಗಿ ಕುಂಡ್ರಿಸಿರ್ತಾರ. ಯಾವ ಚುಕ್ಕಿಗೆ ಎಷ್ಟು ಬಂತು ಅಂತ ಲೆಕ್ಕ ಹಾಕಿ ಬಣ್ಣ ಕಟ್ಟೂದು ಒಳಗಿನ ಚಿಪ್ಪು. ಅಕ್ಕಿ ಒಂದ, ಒಗ್ಗರಣಿ ಮನಿಮನಿಗೆ ಬ್ಯಾರೆ. ಆ ಕಾಲದ ಒಗ್ಗರಣಿ ನಿನ್ನ ಗೆಳತಿಗೆ ರುಚಿ ಹತ್ತೈತಿ, ಅಷ್ಟ. ಅದಕ್ಕ ಪವಾಡ ಅನ್ನೂದು ಬ್ಯಾಡ.

– ನೀವು ಇದರ ಮ್ಯಾಲ ಒಂದೀಟೂ ಮಾಯಾ ಇಟ್ಟಿಲ್ಲಲ್ರಿ.

– ಎತ್ತಿನ ಮ್ಯಾಲ ಇಡೂವಷ್ಟು ಇಟ್ಟೀನಿ. ದುಡಿಯೂ ಎತ್ತಿಗೆ ಯಾರು ದಿನಾ ಮುದ್ದ ಮಾಡತಾರ? ನೀ ಬಂದು ಈಗ ಅದರ ಕೊಂಬಿಗೆ ಬಣ್ಣ ಹಚ್ಚಾಕತ್ತಿ. ತೋರಸು ಇನ್ನ, ಏನ ತಗದಿ?

(ಇಲ್ಲಿ ಆಕೆ ಕ್ಯಾಮೆರಾದ ಎರಡೂವರೆ ಇಂಚಿನ ಪರದೆಯನ್ನೇ ಮುಂದೆ ಹಿಡಿದಳು. ಕಾಕಾ ಚಷ್ಮಾ ತೆಗೆದು, ಕಣ್ಣ ಹತ್ತಿರ ತಂದು ನೋಡಿದರು. ಅಂಗಡಿಯ ಕಂಪ್ಯೂಟರು ಪಕ್ಕದಲ್ಲೇ ಇತ್ತು; ಅದಕ್ಕೆ ಹಾಕಲು ಇಬ್ಬರಿಗೂ ತಾಳ್ಮೆಯಿರಲಿಲ್ಲ.)

– ಇದು ಎಲ್ಲಮ್ಮನ ಗುಡ್ಡ.

– ಭಾರತ ಹುಣ್ಣಿಮಿಗೆ ಹೋಗಿದ್ದೆ. ಸವದತ್ತಿ ಇಳದು ನಸಕಿನ್ಯಾಗ ಹತ್ತಿದೆ. ಚಕ್ಕಡಿ ಕೊಳ್ಳ ಹರದವ್ರು, ಟ್ರ್ಯಾಕ್ಟರಿನವ್ರು, ಒಲಿ ಹೂಡಿ ಹೋಳಗಿ ಬೇಯ್ಸಾಕತ್ತವ್ರು, ಪಡ್ಡಲಗಿ ತುಂಬಿಸಾಕತ್ತವ್ರು. ಎಲ್ಲಿ ನೋಡಿದಲ್ಲಿ ಭಂಡಾರ. 'ಉಧೋ ಉಧೋ' ಅಂದು ತೂರಿದ್ರಂದ್ರ ಬಿಸಲ ಸೈತ ಹಳದಿ. ಮನಿಗೆ ಬಂದು ನೋಡತೀನಿ, ಮೊದಲ್ನೇ ಅರವತ್ತು ಫೋಟೋದಾಗ ಭಂಡಾರ ಸಪ್ಪನ ಕಡ್ಲಿಹಿಟ್ಟಿನಂಗ ಕಾಣಾಕತ್ತೈತಿ. ಮಂದಿ ಬಿಳಿ ಧೋತರ ಎಲ್ಲಾ ನೀಲಿ. ಯಾಕ್ರಿ?

– ಆಟೊ ವೈಟ್ ಬ್ಯಾಲೆನ್ಸಿನ್ಯಾಗ ಬಿಟ್ಟಿದ್ದಿ.

– ಹೌದ್ರಿ.

– ಅದಕ್ಕ ಎಲ್ಲಮ್ಮ ಗೊತ್ತಿಲ್ಲವ್ವಾ. ಅದು ಜಪಾನಿನ ಲೆಕ್ಕ. ಚೌಕಟ್ಟು ತುಂಬ ಹಳದಿ ಕಂಡ್ರ, 'ಓಹೋ, ಇದು ಬಲ್ಬಿನ ಬೆಳಕು, ಹಳದಿ ಕಡಿಮಿ ಮಾಡಬೇಕು' ಅಂತ ತಿಳೀತೈತಿ. ಹಳದಿ ಕಡಿಮಿ ಮಾಡಿದ್ರ ಬಿಳಿದು ನೀಲಿ ಆಗಲೇಬೇಕು. ಗುಡ್ಡಕ್ಕ ಹೋದ್ರ ಸೂರ್ಯನ ಚಿತ್ರ ಇರತೈತಲಾ, ಅಲ್ಲಿ ಇಟ್ಟು ಬಿಡಬೇಕು. 'ಮ್ಯಾಲಿಂದ ಬೀಳೂದು ಬಿಸಲು, ಉಳದಿದ್ದೆಲ್ಲಾ ತಾಯಿ ಭಂಡಾರ' ಅಂತ ಹೇಳಿದಂಗ. ಆಮ್ಯಾಲ ಅದು ನಡಕ ಬಾಯಿ ಹಾಕೂದಿಲ್ಲ.

– ಅರವತ್ತರ ಮ್ಯಾಲ ಅದನ್ನ ಮಾಡಿದೆ. ಯಾಕ ಅಂತ ಗೊತ್ತಿರಲಿಲ್ಲ, ಸುಮ್ಮನ ಒಂದೊಂದ ತಿರುವಿ ನೋಡಿದೆ. ನೋಡ್ರಿ ಇಲ್ಲಿ, ಅಂವ ಚೌಡಿಕಿ ಬಾರಸಾಂವ. ಕುತ್ತಗಿ ಬೆವರಿನ್ಯಾಗ ಭಂಡಾರ ಇಳದು ಕೆಸರಾಗೈತಿ. ಹುಬ್ಬಿನ ಕೂದಲಾ ಹಳದಿ.

– ಇದು ಕೂಡೈತಿ. ಇದನ್ನ ಇಡು. ಕೇಳಿ ತಗದೀ?

– ಕೇಳಿದೆ. 'ತಗೀ ಯವ್ವಾ, ಆದ್ರ ಒಂದು ಪದಾ ಪೂರ ಕೇಳಿ ತಗೀ' ಅಂದ.

– ಹಂಗ ಇರಬೇಕು. ಹುಣ್ಣಿಮಿಗೆ ಪ್ಯಾಟಿ ಮಂದಿ ಬರ್ತಾರ, ಒಬ್ಬೊಬ್ಬರ ಕೈಯಾಗ ಮೊಳ ಉದ್ದ ಲೆನ್ಸು, ದೂರ ನಿಂತು ಜೋಗತ್ಯಾರನ್ನ ಹುಡುಕ್ಯಾಡತಾರ. ದೇವದಾಸಿ ಬಿಡೂದು 1982ರ ಕಾಯ್ದೆದಾಗ ನಿಷೇಧ ಆತು. ಮುದುಕ್ಯಾರು ಇನ್ನೂ ಕೊಡ ಹೊತ್ತು ಗುಡ್ಡ ಹತ್ತತಾರ. ಅವರ ಮಾರಿ ದೂರಿಂದ ಕದ್ದು ಒಯ್ದು ಪ್ರದರ್ಶನದಾಗ ತೂಗಹಾಕೂದು ನನಗ ಸರಿ ಅನಸೂದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋ ನೋಡಿಯಲಾ? 1977ರಾಗ ಪದ್ಮಶ್ರೀ ಬಂದಿತ್ತು ಅವರಿಗೆ. ಜೀವಮಾನ ತಗದಿದ್ದು ಬಡವರು, ಸಣ್ಣ ಹುಡಗೂರು, ಬೀದಿ ಮಂದಿನ. ಆ ಮಾರಿಯೊಳಗ ಒಂದರಾಗೂ 'ಯಾಕ ತಗದಿ' ಅನ್ನೂ ಸಿಟ್ಟು ಕಾಣೂದಿಲ್ಲ ನನಗ. ಈ 18-55ರ ಲೆನ್ಸಿನ್ಯಾಗ ನೀ ಹತ್ತರ ಹೋಗದ ಮಾರಿ ತಗಿಯಾಕ ಬರೂದಿಲ್ಲ, ಅದು ಒಂದು ಪುಣ್ಯ. ಹಾಂ, ಈ ಫೋಟೋ ಯಾವುದು? ಹದ್ದು ಭಾಳ ಅದಾವ.

– ಅದನ್ನ ಕೇಳಾಕ ಬಂದಿದ್ದೆ. ಮರುದಿನ ನವಿಲುತೀರ್ಥಕ್ಕ ಹೋದೆ. ಎರಡೂ ಕಡೆ ಗುಡ್ಡ, ನಡುವ ಆಣೆಕಟ್ಟು, ಹಿಂದ ಮಲಪ್ರಭಾ ನೀರು ಕಣ್ಣು ಮುಟ್ಟೂತನಕ. ಕಿಂಡಿ 16ಕ್ಕ ಇಟ್ಟು ತಗದೆ, ದೂರದ್ದು ಹತ್ತರದ್ದು ಎಲ್ಲಾ ಸಾಫ್ ಬರಲಿ ಅಂತ. ಬಾನಾಗ ಮೂರು ಹದ್ದು ಬಂದಾವು. ಹಿಗ್ಗಿದೆ. ಇನ್ನೊಂದು ತಗದೆ, ಅಲ್ಲೂ ಮೂರು. ಹಿಂದಕ್ಕ ತಿರುಗಿ ಆಣೆಕಟ್ಟಿನ ಗ್ವಾಡಿ ತಗದೆ. ಗ್ವಾಡಿ ಮ್ಯಾಲೂ ಮೂರು ಹದ್ದು.

– (ಬಹಳ ಹೊತ್ತು ನಕ್ಕು) ಗುಡ್ಡದ ಮ್ಯಾಲ ಲೆನ್ಸ್ ಬದಲಾಯಿಸಿದ್ದಿ, ಹೌದಲ್ಲೋ?

– ಐವತ್ತರದು ಹಾಕಬೇಕಾಗಿತ್ತು.

– ಭಂಡಾರ ಒಳಗ ಹೊಕ್ಕೈತಿ. ನಿನ್ನ ಮೂರು ಹದ್ದು ಅಂದ್ರ ಮೂರು ಹರಳು ಅರಿಷಿಣ, ಸೆನ್ಸರಿನ ಮ್ಯಾಲ ಕುಂತಾವ. ಕಿಂಡಿ ದೊಡ್ಡದಿದ್ದಾಗ ಬೆಳಕು ನಾಕೂ ಕಡಿಯಿಂದ ಬಂದು ಅದರ ನೆಳ್ಳು ಕರಗಿಸಿ ಬಿಡತೈತಿ, ಕಾಣೂದಿಲ್ಲ. 16ಕ್ಕ ಒಯ್ದಿ ಅಂದ್ರ ಸಣ್ಣ ತೂತಿನ ಬೆಳಕು, ನೆಳ್ಳು ಗಟ್ಟಿ ಬೀಳತೈತಿ. ಗುಡ್ಡದ ಮ್ಯಾಲ ಮಂದಿ ನಡುವ ಕಾಣಲಿಲ್ಲ, ಬಯಲ ಬಾನಾಗ ಕಂಡ್ವು. ಈಗಿನ ಕ್ಯಾಮೆರಾ ತಾನ ಮೈ ಝಾಡಿಸಿಕೊಳ್ತಾವ. ಇದಕ್ಕ ಆ ಬುದ್ಧಿ ಕೊಟ್ಟಿಲ್ಲ.

– ಊದ್ಲೇನ್ರಿ?

– ಬಾಯಿಲೆ ಊದಿ ನೋಡು ಮತ್ತ! ಹದ್ದು ಹೋಗಿ ಉಗಳಿನ ಕೆರಿ ಆಗತೈತಿ. ಬ್ಯಾಟರಿ ಪೂರ ತುಂಬಿಸು. ಮೆನುದಾಗ ಕನ್ನಡಿ ಎತ್ತಿ ಹಿಡಿಯೂದು ಐತಿ. ಎತ್ತಿದ ಮ್ಯಾಲ ಕ್ಯಾಮೆರಾ ಬೋರಲ ಹಿಡಿ, ಬಾಯಿ ನೆಲದ ಕಡೆ ಇರಲಿ. ಈ ರಬ್ಬರ್ ಬುರುಡಿ ಒತ್ತಿ ನಾಕು ಸಲ ಗಾಳಿ ಹೊಡಿ, ತುದಿ ಒಳಗ ತಾಗಬಾರದು. ಬ್ಯಾಟರಿ ನಡುವ ಸತ್ತರ ಕನ್ನಡಿ ಬುರುಡಿ ಮ್ಯಾಲ ಬೀಳತೈತಿ, ಅದಕ್ಕ ಪೂರ ತುಂಬಿಸು ಅಂದೆ. ಅರಿಷಿಣಕ್ಕ ಎಣ್ಣಿ ಹತ್ತಿದ್ರ ಗಾಳಿಗೆ ಜಗ್ಗೂದಿಲ್ಲ, ಆವಾಗ ನನ್ನ ಹಂತ್ಯಾಕ ತೊಗೊಂಡ ಬಾ. ನೀ ಅರಿವಿ ಹಚ್ಚಿ ಒರಸಾಕ ಹೋಗಬ್ಯಾಡ.

– ಮೂರೂ ತಗದ ಬಿಡ್ರಿ ಅನ್ನಾಕ ಮನಸ ಬರವಲ್ತು. ಎಲ್ಲಮ್ಮನ ಭಂಡಾರ ಅದು.

– ಇರಲಿ ಬಿಡು ಹಂಗಾರ, ನಿನಗೇನು ಲಗ್ನದ ಆರ್ಡರ್ ಐತೇನು?

– ಕಾಕಾ, ಇನ್ನೊಂದು. ಬೆಳವಡಿ ಹಾದಿಯೊಳಗ ಬಿಳಿಜ್ವಾಳ ಕೀಳಾಕತ್ತಿದ್ರು. ಮಧ್ಯಾಹ್ನ ಹನ್ನೆರಡು. ಎರಿ ಹೊಲ ಕರ್ರಗ, ಬಾನು ಬೆಳ್ಳಗ, ಮುದುಕರ ಪಟಗಾ ಇನ್ನೂ ಬೆಳ್ಳಗ, ಪಟಗಾದ ಕೆಳಗ ಮಾರಿನ ಇಲ್ಲ. ಪಟಗಾಕ್ಕ ಲೆಕ್ಕ ಹಿಡದ್ರ ಮಾರಿ ಕತ್ತಲಿ, ಮಾರಿಗೆ ಹಿಡದ್ರ ಪಟಗಾ ಪರದೆ ಮ್ಯಾಲ ಕರಿ-ಬಿಳಿ ಮಿಟಕ್ಯಾಡತೈತಿ. ಸಂಜಿಗೆ ಬರ್ತೀನಿ ಅಂತ ಹೊಂಟ ಬಂದೆ. ಸಂಜಿಗೆ ಹೋದ್ರ ಹೊಲದಾಗ ಯಾರೂ ಇಲ್ಲ.

– ಇದರ ಒಂದ ಗುಣ ನಿನಗ ಗೊತ್ತಾಗಿಲ್ಲ ನೋಡು. ಫ್ಲಾಷ್ ಹಾಕಬೇಕಾಗಿತ್ತು.

– ಅಷ್ಟು ಬಿಸಲಾಗ?

– ಬಿಸಲಾಗನ ಹಾಕೂದು. ಕತ್ತಲದಾಗ ಫ್ಲಾಷ್ ಹಾಕಿದ್ರ ಮಂದಿ ಪೊಲೀಸರು ಹಿಡದಂಗ ಕಾಣತಾರ. ಕೇಳು. ಐಎಸ್‌ಒ 200, ಸುಡು ಬಿಸಲು. ಹಳೇ ಲೆಕ್ಕ ಏನು? ಕಿಂಡಿ 16 ಇದ್ರ ಶಟರ್ 200ರಾಗ ಒಂದು ಪಾಲು. ಬ್ಯಾರೆ ಕ್ಯಾಮೆರಾದಾಗ ಫ್ಲಾಷ್ ಹಾಕಿದ್ರ ಶಟರ್ 200, ಭಾಳಂದ್ರ 250ರ ಮ್ಯಾಲ ಹೋಗೂದಿಲ್ಲ. ಎರಡು ಪರದೆ ಓಡತಾವ, ಜೋರು ಓಡಿದ್ರ ಪೂರ ಸೆನ್ಸರ್ ಒಮ್ಮೆ ಬಯಲಾಗೂದ ಇಲ್ಲ, ಫ್ಲಾಷ್ ಅರ್ಧಾ ಫೋಟೋಕ್ಕ ಬೀಳತೈತಿ. ಡಿ40ಯೊಳಗ ಸೆನ್ಸರ್ ತಾನ ಕಣ್ಣ ತಗದು ತಾನ ಮುಚ್ಚತೈತಿ, ಪರದೆ ಹಾದಿ ಕಾಯೂದಿಲ್ಲ. ಅದಕ್ಕ 500ರತನಕ ಫ್ಲಾಷ್ ಕೂಡ ನಡೀತೈತಿ. 500ಕ್ಕ ಇಡು, ಕಿಂಡಿ 10ಕ್ಕ ಬರತೈತಿ. ಈ ಸಣ್ಣ ಫ್ಲಾಷಿನ ಜೋರು ಆ ಲೆಕ್ಕಕ್ಕ ಸುಮಾರು ಒಂದು ಮಾರು ದೂರ ಮುಟ್ಟತೈತಿ. ಒಂದು ಮಾರು ಅಂದ್ರ ಮುದುಕನ ಕೂಡ ಮಾತಾಡಕೋತ ನಿಂದ್ರೂವಷ್ಟು. ಪಟಗಾ ಬಿಳಿ ಬಿಳಿಯಾಗೇ ಇರತೈತಿ, ಅದರ ಕೆಳಗ ಕಣ್ಣ ಕಾಣತಾವ. ಫ್ಲಾಷ್ ಒಂದೀಟು ಕಡಿಮಿ ಮಾಡಿದಿ ಅಂದ್ರ ಹಾಕೀಯಂತನೂ ಯಾರಿಗೂ ಗೊತ್ತಾಗೂದಿಲ್ಲ.

– ಇದನ್ನ ನೀವು ಲಗ್ನದಾಗ ಮಾಡತಿದ್ರೇನು?

– ಮನಿ ಮುಂದಿನ ಹಂದರದಾಗ, ವರಾತದಾಗ. ಹಿಂದ ಬಯಲ ಬಿಸಲು, ಮುಂದ ಬಾಸಿಂಗ ಕಟಗೊಂಡ ಮದುಮಗ ನೆಳ್ಳಾಗ. ಬ್ಯಾರೆ ಸ್ಟುಡಿಯೊದವ್ರ ಫೋಟೋದಾಗ ಮದುಮಗ ಕರ್ರಗ, ನನ್ನವು ಹೊಳೀತಿದ್ವು. ಹೆಂಗ ಅಂತ ಯಾರಿಗೂ ಹೇಳಿರಲಿಲ್ಲ. ನಿನಗ ಹೇಳಿದೆ. ಆದ್ರ ಒಂದು: ಇದು ಫ್ಲಾಷ್ ಎರಡು ಸಲ ಮಿಂಚತೈತಿ. ಮೊದಲ್ನೇದು ಅಳತಿ ನೋಡಾಕ, ಎರಡನೇದು ಖರೇ ಫೋಟೋಕ್ಕ. ಕೆಲವು ಮಂದಿ ಮೊದಲ್ನೇದಕ್ಕ ಕಣ್ಣ ಮುಚ್ಚಿಬಿಡತಾರ. ಒಬ್ಬಾಕಿ ಮದುಮಗಳು ಇಡೀ ಆಲ್ಬಂದಾಗ ನಿದ್ದಿಯೊಳಗ ಲಗ್ನ ಆಗ್ಯಾಳ. ನಾವು ರೋಲಿನ ಕಾಲದವ್ರು, ಒಳಗ ನೋಡೂ ಮುಂದ ಮಿಂಚು ಕಂಡ್ರ ಆ ಫೋಟೋ ಹೋತು ಅಂತ ಎದಿ ಒಡಕೋತಿದ್ವಿ.

– ಕಂಡ್ರ ಹೋತಾ? ಯಾಕ್ರಿ?

– ಫೋಟೋ ಆಗೂ ಹೊತ್ತಿಗೆ ಕನ್ನಡಿ ಮ್ಯಾಲ ಏಳತೈತಿ, ನಿನಗ ಕತ್ತಲಿ ಕಾಣಬೇಕು. ಆ ಕತ್ತಲ್ಯಾಗನ ಫೋಟೋ ಆಗೂದು. ಮಿಂಚು ನಿನಗ ಕಂಡೈತಿ ಅಂದ್ರ ಕನ್ನಡಿ ಇನ್ನೂ ಕೆಳಗೈತಿ, ರೋಲಿಗೆ ಬಿದ್ದಿಲ್ಲ ಅಂತ ಅರ್ಥ. ಮೂವತ್ತು ವರ್ಷ ಫೋಟೋ ತಗದೆ ನಾ. ಒಂದು ತಾಳಿ ಕಟ್ಟೂದೂ ನಾ ಕಣ್ಣಲೆ ನೋಡಿಲ್ಲ. ಒತ್ತಿದೆ, ಕತ್ತಲಾತು, ಹೊಳ್ಳಿ ಬೆಳಕಾಗೂದ್ರಾಗ ಕಟ್ಟಿ ಮುಗದಿತ್ತು.

(ಒಬ್ಬ ಹುಡುಗ ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದ. ಎರಡು ಪ್ರತಿ. ಚಿಲ್ಲರೆ ಇರಲಿಲ್ಲ, ನಾಳೆ ಕೊಡು ಎಂದರು.)

– ರಾಮದುರ್ಗದ ಫೋಟೋ ನೋಡ್ರಿ ಈಗ. ನಮ್ಮ ಸಾಲಿ ಹುಡಗಿ ಒಬ್ಬಾಕಿ ಮನಿ. ಕೈಮಗ್ಗ ಐತಿ ಇನ್ನೂ. ಬ್ಯಾರೆ ಮನ್ಯಾಗೆಲ್ಲಾ ಪಾವರ್‌ಲೂಮ್ ಗದ್ದಲ, ಇವರ ಮನ್ಯಾಗ ಆಕಿ ಅಜ್ಜ ಒಬ್ಬಾಂವ ಕೈಲೆ ನೇಯತಾನ. ಒಂದ ಕಿಟಕಿ, ಅದೂ ಗೇಣಗಲ. ಐವತ್ತರ ಲೆನ್ಸ್, ಕಿಂಡಿ 2, ಐಎಸ್‌ಒ 800, ಶಟರ್ 60. ಅಜ್ಜ ತಣ್ಣಗ ಬಂದಾನ. ಲಾಳಿ ಮಾತ್ರ ಒಂದು ಬೆಳ್ಳನ ಗೆರಿ.

– ಲಾಳಿ ನಿಂದ್ರಸಬೇಕಾದ್ರ 500ರ ಮ್ಯಾಲ ಹೋಗಬೇಕು. ಇಷ್ಟು ಕತ್ತಲ್ಯಾಗ ಹೋಗಾಕ ಆಗೂದಿಲ್ಲ. 1600ಕ್ಕ ಏರಿಸಿದ್ರ ರವಾ ಚೆಲ್ಲಿದಂಗ ಆಗತೈತಿ.

– ನಿಂದ್ರಸೂದು ಬ್ಯಾಡಾಗಿತ್ರಿ ನನಗ. ಮೊದಲು ಅದನ್ನ ತಪ್ಪಂತ ಅಳಸಾಕ ಹೋಗಿದ್ದೆ. ಅಜ್ಜ ನೋಡಿ, 'ಲಾಳಿ ಹಿಂಗ ಕಾಣೂದು. ನಿಂತ ಲಾಳಿ ನಾ ನೋಡೂದು ನೂಲು ಹರದಾಗಷ್ಟ' ಅಂದ.

– (ಸ್ವಲ್ಪ ಸುಮ್ಮನಿದ್ದು) ಇದನ್ನ ದೊಡ್ಡದಾಗಿ ಹಾಕಿಸು. ಬಾರಾ ಬೈ ಆಠ್ ಛಲೋ ಬರತೈತಿ. 3008 ಚುಕ್ಕಿ ಅಡ್ಡ, 2000 ಉದ್ದ. ಹನ್ನೆರಡು ಇಂಚಿಗೆ ಹಾಕಿದ್ರ ಇಂಚಿಗೆ 250 ಚುಕ್ಕಿ. ಅದಕ್ಕಿಂತ ಹೆಚ್ಚು ಯಾವ ಗ್ವಾಡಿಗೂ ಬೇಕಾಗಿಲ್ಲ. ನಾ ಇದರಾಗ ತಗದು ಬಾರಾ ಬೈ ಅಠರಾ ಕರಿಜ್ಮಾ ಆಲ್ಬಂ ಮಾಡಿ ಕೊಟ್ಟೀನಿ, ಒಬ್ಬರೂ ಮೆಗಾಪಿಕ್ಸೆಲ್ ಕೇಳಲಿಲ್ಲ. ಸೀರಿ ಬಣ್ಣ ಸರಿ ಬರಲಿಲ್ಲಂದ್ರ ಮಾತ್ರ ಬಾಗಲಿಗೆ ಬಂದು ನಿಂದ್ರತಿದ್ರು.

– ಆ ಅಜ್ಜನ ಮನ್ಯಾಗ ಗ್ವಾಡಿಗೆ ಒಂದೂ ಫೋಟೋ ಇಲ್ರಿ. ಮೊಳಿ ಅದಾವ, ಫೋಟೋ ಇಲ್ಲ.

– ಹೊಳಿ ಒಯ್ತು. 2019ರ ಆಗಸ್ಟ್. ನವಿಲುತೀರ್ಥದಿಂದ ನೀರು ಬಿಟ್ರು, ಮಲಪ್ರಭಾ ರಾಮದುರ್ಗದಾಗ ಹೊಕ್ಕಿತು. ಎಷ್ಟೋ ಮಗ್ಗ ಕೆಸರಾಗ ಹೋದ್ವು. ನೀರು ಇಳದ ಮ್ಯಾಲ ಮಂದಿ ನನ್ನ ಕಡೆ ಬರಾಕ ಹತ್ತಿದ್ರು. ಅರವಿಯೊಳಗ ಆಲ್ಬಂ ಸುತಗೊಂಡು, ಹಸಿ ಹಸಿ. ಆ ಹಾಳಿ ಒಂದಕ್ಕೊಂದು ಹತ್ತಿ ರೊಟ್ಟಿ ಪೇರಿಸಿದಂಗ ಆಗಿದ್ವು. ಬಿಡಿಸಾಕ ಹೋದ್ರ ಮದುಮಗಳ ಮಾರಿ ಎದರಿನ ಹಾಳಿಗೆ ಹತ್ತಿ ಬರತಿತ್ತು. ಒಬ್ಬಾಕಿ ಮುದುಕಿ, ಮಗ ತೀರಿಕೊಂಡಿದ್ದ, ಅವನ ಲಗ್ನದ ಆಲ್ಬಂ. 'ಒಂದು ಬರಲಿ ತಮ್ಮಾ, ಯಾವುದರ ಒಂದು' ಅಂದ್ಲು.

– ನಿಮ್ಮ ಹಂತ್ಯಾಕ ಇತ್ತೇನು?

– ರೋಲಿನ ಕಾಲದ್ದು ನೆಗೆಟಿವ್ ನಾವು ಗಿರಾಕಿಗೆ ಕೊಟ್ಟು ಬಿಡತಿದ್ವಿ, ಅವೂ ಅವರ ಟ್ರಂಕಿನ್ಯಾಗನ ನೆಂದಿದ್ವು. ಡಿ40 ಬಂದ ಮ್ಯಾಲಿಂದ ಎಲ್ಲಾ ಡಿವಿಡಿ ಮಾಡಿ, ಹೆಸರು ಬರದು ಇಟ್ಟಿದ್ದೆ. ಹತ್ತರಾಗ ಮೂರು ಓದಲಿಲ್ಲ. ಆಕೀ ಮಗಂದು ಓದಿತು. ನಾಕನೂರ ಚಿಲ್ಲರ ಫೋಟೋ. ಇದ ಕ್ಯಾಮೆರಾ, ಇದ ಫ್ಲಾಷ್. ಆರು ಮೆಗಾಪಿಕ್ಸೆಲ್ ಅಂತ ನಗೂದು ನಾ ಆವತ್ತ ಬಿಟ್ಟೆ. ನೀ ಏನ ತಗದ್ರೂ ಎರಡು ಕಡೆ ಇಡು ಯವ್ವಾ, ಒಂದು ಹೊಳಿ ದಂಡಿಗೆ ಬ್ಯಾಡ.

– ನೀವು ಇದರಾಗ ಎಷ್ಟು ತಗದೀರಿ ಗೊತ್ತೈತೇನ್ರಿ? ಫೋಟೋದ ಒಳಗ ಬರಕೊಂಡಿರತೈತಿ ಅದು. ಕಂಪ್ಯೂಟರಿಗೆ ಹಾಕಿ ನೋಡಿದೆ. ನನ್ನ ಮೊದಲ್ನೇ ಫೋಟೋಕ್ಕ 71 ಸಾವಿರ ದಾಟಿತ್ತು.

– ಹೌದೇನು? ಅಷ್ಟೂ ಮಂದಿದು. ಲಗ್ನ, ಸೀಮಂತ, ಕುಬಸ, ತೊಟ್ಟಲಕಾರ್ಯ, ಸತ್ತವ್ರು. ನವಿಲುತೀರ್ಥದ ಮ್ಯಾಲೆ ನೂರು ಸಲ ಹಾದೀನಿ, ಬ್ಯಾಗ್ ಬಿಚ್ಚಿಲ್ಲ. ಲಗ್ನಕ್ಕ ತಡ ಆಗತಿತ್ತು.

– ಕಿತ್ತೂರಿಗರ ನನ್ನ ಕೂಡ ಬರ್ರಿ ಒಮ್ಮೆ. ನಾ ಉತ್ಸವಕ್ಕ ಹೋಗಿದ್ದೆ, ಅಕ್ಟೋಬರ್ 23ಕ್ಕ. 1824ರಾಗ ಬ್ರಿಟಿಷರ ಥ್ಯಾಕರೆ ಬಿದ್ದ ದಿನ ಅಂತ ಅಷ್ಟು ಗದ್ದಲ, ವೇದಿಕಿ ಲೈಟಿನ್ಯಾಗ ಒಂದೂ ನೆಟ್ಟಗ ಬರಲಿಲ್ಲ. ಹೊಳ್ಳಿ ಒಂದು ಸಾದಾ ದಿನ ಹೋದೆ, ಮುಂಜಾನೆ. ಕ್ವಾಟಿಯೊಳಗ ಯಾರೂ ಇಲ್ಲ. ಅರಮನಿಯ ಮೊಂಡ ಗ್ವಾಡಿ ಮ್ಯಾಲ ಓರೆ ಬಿಸಲು ಬಿದ್ದಾಗ ಗಾರಿಯೊಳಗಿನ ಒಂದೊಂದು ಹರಳೂ ಎದ್ದು ಕಾಣತೈತಿ. ಒಂಬತ್ತರ ಮ್ಯಾಲ ಹೋಗಿ ನೋಡಿದ್ರ ಅದ ಗ್ವಾಡಿ ಸಪಾಟು, ಏನೂ ಇಲ್ಲ.

– ಅಲ್ಲಿ ಗ್ವಾಡಿಯೊಳಗ ಒಂದು ತೂತು ಐತಿ ನೋಡಿದೀ? ಅದರಾಗಿಂದ ಧ್ರುವ ನಕ್ಷತ್ರ ನೋಡತಿದ್ರು ಅಂತಾರ.

– ಕಣ್ಣ ಇಟ್ಟು ನೋಡಿದೆ. ಹಗಲಾಗಿತ್ತು, ಬಾನಿನ ಒಂದು ರೂಪಾಯಿ ಕಂಡಿತು. ಈ ಕ್ಯಾಮೆರಾದ ಕಿಂಡಿಯೊಳಗ ನೋಡಿದಂಗ ಇತ್ತು, ಸುತ್ತ ಕತ್ತಲಿ, ನಡುವ ಬೇಕಾದಷ್ಟ.

– ಕಿತ್ತೂರಾಗ ಧ್ರುವ ಭಾಳ ಎತ್ತರ ಇರೂದಿಲ್ಲ. ಬಡಗಣ ದಿಕ್ಕಿಗೆ ನೆಲದಿಂದ ಹದಿನೈದೂವರಿ ಡಿಗ್ರಿ, ನಮ್ಮ ಅಕ್ಷಾಂಶ ಎಷ್ಟೋ ಅಷ್ಟ. ಕೈ ಚಾಚಿ ಗೇಣು ಹಿಡದ್ರ, ಗೇಣಿಗಿಂತ ಒಂದೀಟು ಕಡಿಮಿ. ಕ್ವಾಟಿಯೊಳಗ ರಾತ್ರಿ ಬಿಡೂದಿಲ್ಲ. ಅಮಾಸಿ ದಿನ ನಮ್ಮ ಹೊಲದಾಗ ಸ್ಟ್ಯಾಂಡ್ ಊರಿ ಬಡಗಣಕ್ಕ ಹಿಡಿಯೂಣು. ರಿಮೋಟ್ ನನ್ನ ಹಂತ್ಯಾಕ ಐತಿ, ಬಲ್ಬಿಗೆ ಇಟ್ಟು ಅರ್ಧಾ ತಾಸು ಬಿಟ್ರ ಉಳದ ಚುಕ್ಕಿ ಎಲ್ಲಾ ಗೆರಿ ಆಗತಾವ, ಅದೊಂದು ಚುಕ್ಕಿಯಾಗೇ ನಿಂದ್ರತೈತಿ. ಸೆನ್ಸರ್ ಕಾದು ಮೂಲ್ಯಾಗ ಕೆಂಪು ಬರತೈತಿ, ಬರಲಿ.

– ನಿಮ್ಮ ಮೊಣಕಾಲು?

– ಅದು ಅಮಾಸಿ ಬಂದಾಗಿನ ಮಾತು. ಇಲ್ಲಿ ಕೊಡು ಅದನ್ನ. ಇದೇನು, ಎಲ್ಲಾ ಫೋಟೋದ ಕೆಳಗೂ ಜನವರಿ 1 ಅಂತ ಐತಿ? ಗುಡ್ಡನೂ ಜನವರಿ 1, ಹೊಳಿನೂ ಜನವರಿ 1?

– ಬ್ಯಾಟರಿ ತಗದಾಗೊಮ್ಮೆ ಹೊಳ್ಳಿ ಅಲ್ಲಿಗೇ ಹೋಗತೈತ್ರಿ. ಮ್ಯಾಲ ಗಡಿಯಾರದ ಚಿತ್ರ ಮಿಣಕತಿರತೈತಿ. ನಾ ಬಿಟ್ಟ ಬಿಟ್ಟೀನಿ.

– ಒಳಗಿನ ಸಣ್ಣ ಸೆಲ್ ಸತ್ತೈತಿ. ಬಿಡೂದು ಬ್ಯಾಡ, ಪ್ರತಿಸಲಾ ಹೊಂದಿಸಬೇಕು. ಆ ಮುದುಕಿಗೆ ನಾ ಫೋಟೋ ಹುಡುಕಿ ಕೊಟ್ಟಿದ್ದು ತಾರೀಖಿನ ಮ್ಯಾಲ. ಇವತ್ತ ಯಾವ ತಾರೀಖು?

– ಗೊತ್ತಿಲ್ರಿ, ಸೂಟಿ ಐತಿ. ಕ್ಯಾಲೆಂಡರ್ ಎಲ್ಲಿ ಹಾಕೀರಿ?

– ನಿನ್ನ ಬೆನ್ನ ಹಿಂದ. ತಿರುಗು, ಓದಿ ಹೇಳು. ಅಲ್ಲೇ ನಿಂದ್ರು, ಅಲ್ಲೇ, ಹಳ್ಯಾಡಬ್ಯಾಡ. ಬಾಗಲ ಬೆಳಕು ಛಲೋ ಬಂದೈತಿ. ಫ್ಲಾಷ್ ಹಾಕೂದಿಲ್ಲ, ಕಣ್ಣ ತಗಿ.